ತುಮಕೂರಿನಲ್ಲೊಂದು ಬೆಟ್ಟಿಂಗ್ ಅಂಗಡಿ: ತೆರೆಯದೇ ಉಳಿದ ಒಂದು ಶಟರ್‌ನ ಪ್ರಕರಣ

ಅವರು ನನ್ನ ವಕೀಲಿ ಕಚೇರಿಯ ಮೇಜಿನ ಮೇಲೆ ಇಟ್ಟದ್ದು ನಾಲ್ಕು ಹಾಳೆಯ ಒಂದು ಕೊಟೇಶನ್. ಬಣ್ಣದ ಪ್ರಿಂಟು. ಮೂಲೆಯಲ್ಲಿ ಓಡುವ ಕುದುರೆಯ ಚಿತ್ರ. ಮೇಲೆ ದಪ್ಪ ಅಕ್ಷರದಲ್ಲಿ "ಬುಕ್‌ಮೇಕಿಂಗ್ ಲೈಸನ್ಸ್, ಪೂರ್ತಿ ಪ್ಯಾಕೇಜ್" ಅಂತ ಬರೆದಿತ್ತು. ಬುಕ್‌ಮೇಕಿಂಗ್ ಅಂದರೆ ಜನರಿಂದ ಪಂತ ತಗೊಳ್ಳುವ ವ್ಯಾಪಾರ. ಒಟ್ಟು ಮೊತ್ತ 14 ಲಕ್ಷ. ಅದರಲ್ಲಿ 2 ಲಕ್ಷ ಅಡ್ವಾನ್ಸ್ ಆಗಲೇ ಲೈಸನ್ಸ್ ಕೊಡಿಸುತ್ತೇನೆ ಅಂದ ಏಜೆಂಟನ ಕೈ ಸೇರಿತ್ತು.

2025ರ ಅಕ್ಟೋಬರ್, ಕೋರ್ಟಿನ ದಸರಾ ರಜೆ ಮುಗಿದ ವಾರ. ಬಂದವರು ಅಪ್ಪ, ಮಗ. ಅಪ್ಪನದು ತುಮಕೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಮಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಓದು ಮುಗಿಸಿ, ಆಮೇಲೆ ಸಿಕ್ಕ ಎರಡು ವರ್ಷದ ವೀಸಾದಲ್ಲಿ ಅಲ್ಲೇ ಒಂದು ಬೆಟ್ಟಿಂಗ್ ಶಾಪಿನ ಕೌಂಟರ್‌ನಲ್ಲಿ ಕೆಲಸ ಮಾಡಿ ವಾಪಸ್ ಬಂದಿದ್ದ. ಅಂಥದ್ದೇ ಅಂಗಡಿ ತುಮಕೂರಿನಲ್ಲಿ ತೆರೆಯೋದು ಅವನ ಆಸೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೇನೆ. ಕಾನೂನಿನ ಭಾಗ ಮಾತ್ರ ಇದ್ದದ್ದು ಇದ್ದ ಹಾಗೆ.

ಕೊಟೇಶನ್‌ನಲ್ಲಿ ಆರು ಬಾಬತ್ತು ಇತ್ತು. ಕಂಪನಿ ನೋಂದಣಿ, ಪ್ಯಾನ್, ಜಿಎಸ್‌ಟಿ ನಂಬರ್, ಟ್ರೇಡ್ ಲೈಸನ್ಸ್, "ಟರ್ಫ್ ಪರ್ಮಿಷನ್" (ಟರ್ಫ್ ಅಂದರೆ ಕುದುರೆ ರೇಸಿನ ಮೈದಾನ), "ವಿದೇಶಿ ಗೇಮಿಂಗ್ ಲೈಸನ್ಸ್". ಮೊದಲ ನಾಲ್ಕು ಯಾರು ಬೇಕಾದರೂ ಮಾಡಿಸಿಕೊಳ್ಳಬಹುದಾದ ಕೆಲಸ. ಅವುಗಳ ಬಾಲಕ್ಕೆ ಕೊನೆಯ ಎರಡನ್ನು ಕಟ್ಟಿದ್ದರಲ್ಲಿ ಏಜೆಂಟನ ಜಾಣತನ ಇತ್ತು. ನಾಲ್ಕು ಟಿಕ್ ಬಿದ್ದ ಪಟ್ಟಿ ನೋಡಿದವರಿಗೆ ಉಳಿದ ಎರಡೂ ಹೀಗೇ ಆಗಿಬಿಡುತ್ತೆ ಅನ್ನಿಸುತ್ತೆ, ಅಲ್ವಾ?

"ಇವನು ಎಲ್ಲಾ ತಿಳ್ಕೊಂಡು ಬಂದಿದ್ದಾನೆ ಸಾರ್. ಅಲ್ಲಿ ಲೈಸನ್ಸ್ ಗೋಡೆಗೆ ಹಾಕಿರ್ತಾರಂತೆ, ಪೊಲೀಸ್ನೋರೂ ಬಂದು ಬೆಟ್ ಕಟ್ಟಿ ಹೋಗ್ತಾರಂತೆ," ಅಂದರು ಅಪ್ಪ.

ಅವರ ಮಾತಲ್ಲಿ ತಪ್ಪೇನಿರಲಿಲ್ಲ. ಹುಡುಗ ಕಣ್ಣಾರೆ ಕಂಡದ್ದನ್ನೇ ಹೇಳಿದ್ದ. ತೊಂದರೆ ಇದ್ದದ್ದು ಅವನು ಕಂಡ ದೇಶದ ಕಾನೂನಿಗೂ ನಮ್ಮದಕ್ಕೂ ಇರುವ ಬುಡದ ವ್ಯತ್ಯಾಸದಲ್ಲಿ.

ಬ್ರಿಟನ್‌ನಲ್ಲಿ ಬೀದಿ ಬದಿಯ ಬೆಟ್ಟಿಂಗ್ ಅಂಗಡಿ 1961ರ ಮೇ 1ರಿಂದ ಕಾನೂನುಬದ್ಧ. ಈಗ ನಡೆಯುತ್ತಿರುವುದು 2005ರ ಗ್ಯಾಂಬ್ಲಿಂಗ್ ಆಕ್ಟ್ ಪ್ರಕಾರ. ಅಲ್ಲಿ ಅಂಗಡಿ ತೆರೆಯಬೇಕಾದರೆ ಮೊದಲು ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಗ್ಯಾಂಬ್ಲಿಂಗ್ ಕಮಿಷನ್‌ನಿಂದ ಆಪರೇಟಿಂಗ್ ಲೈಸನ್ಸ್ ತಗೊಳ್ಳಬೇಕು. ದುಡ್ಡು ಎಲ್ಲಿಂದ ಬಂತು, ಹಿಂದೆ ಏನಾದರೂ ಕೇಸು ಇತ್ತಾ, ವ್ಯವಹಾರ ನಡೆಸುವ ತಿಳಿವಳಿಕೆ ಇದೆಯಾ, ಎಲ್ಲ ನೋಡುತ್ತಾರೆ. ವ್ಯವಹಾರದ ಮುಖ್ಯ ಜಾಗಗಳಲ್ಲಿ ಕೂರುವವರಿಗೆ ಬೇರೆಯಾಗಿ ವೈಯಕ್ತಿಕ ಲೈಸನ್ಸ್ ಬೇಕು. ಅಂಥವರು ಮೂರೇ ಜನ ಅಥವಾ ಅದಕ್ಕಿಂತ ಕಡಿಮೆ ಇರುವ ಸಣ್ಣ ವ್ಯವಹಾರಕ್ಕೆ ಇದರಿಂದ ವಿನಾಯ್ತಿ. ಆಮೇಲೆ ಅಂಗಡಿಯ ಜಾಗಕ್ಕೆ ಅಂತಲೇ ಊರಿನ ಕೌನ್ಸಿಲ್‌ನಿಂದ ಮತ್ತೊಂದು ಲೈಸನ್ಸ್. ಅರ್ಜಿ ಹಾಕಿದ ಮೇಲೆ 28 ದಿನ ಆ ಕಟ್ಟಡದ ಮುಂದೆ ನೋಟಿಸ್ ಅಂಟಿಸಿರಬೇಕು. ಅಕ್ಕಪಕ್ಕದವರು ತಕರಾರು ಹಾಕಬಹುದು. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ವ್ಯಾಪಾರ, ಒಂದು ಅಂಗಡಿಗೆ ಹೆಚ್ಚೆಂದರೆ 4 ಗೇಮಿಂಗ್ ಮಷಿನ್.

ಇದೆಲ್ಲ ಹುಡುಗನಿಗೆ ಬಾಯಿಪಾಠ ಆಗಿತ್ತು. ಆದರೆ ಒಂದು ಮಾತು ಅವನು ಗಮನಿಸಿರಲಿಲ್ಲ. ಷರತ್ತು ಪೂರೈಸಿದರೆ ಕೌನ್ಸಿಲ್ ಅನುಮತಿ ಕೊಡುವ ಕಡೆಗೇ ವಾಲಬೇಕು ಅಂತ ಆ ಕಾನೂನೇ ಹೇಳುತ್ತೆ. "ಈ ಬೀದಿಗೆ ಇನ್ನೊಂದು ಬೆಟ್ಟಿಂಗ್ ಅಂಗಡಿ ಯಾಕೆ ಬೇಕು" ಅಂತ ಕೇಳುವ ಹಳೇ ಪದ್ಧತಿಯನ್ನು 2007ರಲ್ಲಿ ಕೈಬಿಟ್ಟರು. ಅಂದರೆ ಅಲ್ಲಿ ಬೆಟ್ಟಿಂಗ್ ಒಂದು ವ್ಯಾಪಾರ. ಅದರ ಸುತ್ತ ಷರತ್ತು ಹಾಕಿದ್ದಾರೆ, ಅಷ್ಟೆ.

ನಮ್ಮಲ್ಲಿ ಉಲ್ಟಾ. ಇಲ್ಲಿ ಅದು ಅಪರಾಧ. ಆ ಅಪರಾಧದ ವ್ಯಾಖ್ಯೆಯೊಳಗೆ ಒಂದು ಕಿಟಕಿ ಬಿಟ್ಟಿದ್ದಾರೆ. ಲೈಸನ್ಸ್ ಅನ್ನೋದು ಆ ಕಿಟಕಿಯ ಅಳತೆ.

ಕಿಟಕಿ ಎಲ್ಲಿದೆ ಅಂತ ತೋರಿಸೋಕೆ ನಾನು 1963ರ ಕರ್ನಾಟಕ ಪೊಲೀಸ್ ಕಾಯ್ದೆ ತೆಗೆದೆ. ಬೆಟ್ಟಿಂಗ್ ಲೈಸನ್ಸ್ ಕೇಳಿ ಬಂದವರಿಗೆ ಪೊಲೀಸ್ ಕಾಯ್ದೆ ಓದಿಸಿದರೆ ಸ್ವಲ್ಪ ಮುಖ ಸಣ್ಣದಾಗುತ್ತೆ. ಆದರೆ ನಮ್ಮ ರಾಜ್ಯದಲ್ಲಿ ಈ ವಿಷಯ ಶುರುವಾಗೋದೇ ಅಲ್ಲಿಂದ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಬೆಟ್ಟಿಂಗ್, ಜೂಜು ಎರಡೂ ರಾಜ್ಯಪಟ್ಟಿಯ 34ನೇ ನಮೂದಿನಲ್ಲಿವೆ. ಹಾಗಾಗಿ ಗೋವಾದಲ್ಲಿ ಕ್ಯಾಸಿನೊ ಇದೆ, ಸಿಕ್ಕಿಂನಲ್ಲಿ ಬೇರೆ ಕಾನೂನಿದೆ ಅನ್ನೋ ಮಾತು ತುಮಕೂರಿಗೆ ಉಪಯೋಗಕ್ಕೆ ಬರಲ್ಲ.

ಆ ಪೊಲೀಸ್ ಕಾಯ್ದೆಯಲ್ಲಿ "ಗೇಮಿಂಗ್" ಅಂದರೆ ಏನು ಅಂತ ಹೇಳುವ ಕಡೆ ಕುದುರೆ ರೇಸಿಗೆ ವಿನಾಯ್ತಿ ಇದೆ. ಆ ವಿನಾಯ್ತಿಗೆ ಮೂರು ಕಾಲು. ಒಂದು, ಪಂತ ಕಟ್ಟೋದು ಆ ರೇಸ್ ಓಡುವ ದಿನವೇ ಆಗಬೇಕು. ಎರಡು, ರೇಸ್ ಕೋರ್ಸಿನ ಲೈಸನ್ಸ್ ಇರುವವರು ಅದಕ್ಕಂತಲೇ ಬೇರೆ ಮಾಡಿದ ಆವರಣದಲ್ಲಿ, ಇಲ್ಲವೇ ರಾಜ್ಯ ಸರ್ಕಾರ ಒಪ್ಪಿದ ಬೇರೆ ಜಾಗದಲ್ಲಿ ಆಗಬೇಕು. ಮೂರು, ಪಂತ ಕಟ್ಟುವವನು ಖುದ್ದಾಗಿ ಅಲ್ಲಿ ನಿಂತಿರಬೇಕು, ಅವನ ಎದುರು ಪಂತ ತಗೊಳ್ಳುವವರು ಆ ಲೈಸನ್ಸ್‌ದಾರರೇ ಆಗಿರಬೇಕು, ಇಲ್ಲವೇ ಅವರಿಂದ ಲೈಸನ್ಸ್ ಪಡೆದವರು ಆಗಿರಬೇಕು. ಒಂದು ಕಾಲು ಮುರಿದರೂ ಮಿಕ್ಕಿದ್ದು ಜೂಜು.

ಹುಡುಗ ಚುರುಕು. ಎರಡನೇ ಕಾಲಿನ ಮೇಲೆ ಬೆರಳಿಟ್ಟ.

"ಸಾರ್, ಸರ್ಕಾರ ಒಪ್ಪಿದ ಬೇರೆ ಜಾಗ ಅಂತಿದೆಯಲ್ಲ. ಆ ಜಾಗ ನಮ್ಮ ಅಂಗಡಿ ಯಾಕಾಗಬಾರದು?"

ಒಳ್ಳೇ ಪ್ರಶ್ನೆ. ಎಷ್ಟೋ ಏಜೆಂಟರು ದುಡ್ಡು ಮಾಡೋದು ಈ ಒಂದು ಸಾಲಿನ ಮೇಲೆಯೇ. ನಾನು ಮೂರನೇ ಕಾಲನ್ನು ಅವನಿಂದಲೇ ಮತ್ತೆ ಓದಿಸಿದೆ. ಜಾಗಕ್ಕೆ ಸರ್ಕಾರ ಒಪ್ಪಿತು ಅಂತಲೇ ಇಟ್ಟುಕೊಳ್ಳೋಣ. ಆದರೂ ಅಲ್ಲಿ ಕೌಂಟರ್ ಹಿಂದೆ ಕೂರಬೇಕಾದದ್ದು ರೇಸ್ ಕ್ಲಬ್ಬು, ಇಲ್ಲ ಕ್ಲಬ್ಬಿನಿಂದ ಲೈಸನ್ಸ್ ಪಡೆದವರು. ತುಮಕೂರಿನ ಆ ಶಟರ್ ಒಳಗೆ ಬೆಟ್ಟಿಂಗ್ ನಡೆದರೂ ಅದು ಬೆಂಗಳೂರಿನದೋ ಮೈಸೂರಿನದೋ ಕ್ಲಬ್ಬಿನ ಒಂದು ಕೌಂಟರ್ ಆಗುತ್ತೆ ಹೊರತು ಇವರ ಅಂಗಡಿ ಆಗಲ್ಲ.

"ಹಾಗಾದ್ರೆ ಸರ್ಕಾರದ ಲೈಸನ್ಸನ್ನ ನಾವೇ ಕೇಳಿದ್ರೆ?"

ಅದಕ್ಕೆ 1952ರ ಮೈಸೂರು ರೇಸ್ ಕೋರ್ಸಸ್ ಲೈಸನ್ಸಿಂಗ್ ಕಾಯ್ದೆ ನೋಡಬೇಕು. ಸಣ್ಣ ಕಾಯ್ದೆ, ಚಹಾ ಆರುವುದರೊಳಗೆ ಓದಿ ಮುಗಿಸಬಹುದು. ಲೈಸನ್ಸ್ ಇಲ್ಲದ ಮೈದಾನದಲ್ಲಿ ರೇಸ್ ನಡೆಸೋ ಹಾಗಿಲ್ಲ ಅಂತ ಮೊದಲು ಹೇಳುತ್ತೆ. ಆಮೇಲೆ 4ನೇ ಸೆಕ್ಷನ್ ಬರುತ್ತೆ. ರೇಸ್ ನಡೆಸೋಕೆ, ಅಲ್ಲಿ ಬೆಟ್ಟಿಂಗ್ ವ್ಯವಸ್ಥೆ ಮಾಡೋಕೆ ಲೈಸನ್ಸ್ ಕೇಳಬಹುದಾದವರು ಯಾರು? ರೇಸ್ ಕೋರ್ಸಿನ ಮಾಲೀಕರು, ಅದನ್ನು ಗುತ್ತಿಗೆಗೆ ಪಡೆದವರು, ಅದು ಸ್ವಾಧೀನದಲ್ಲಿ ಇರುವವರು. ಬೇರೆ ಯಾರ ಹೆಸರೂ ಆ ಸಾಲಿನಲ್ಲಿಲ್ಲ. ಬಂಡವಾಳ ಎಷ್ಟು, ಅನುಭವ ಎಷ್ಟು ಅಂತ ಕಾಯ್ದೆ ಕೇಳೋದೇ ಇಲ್ಲ. ನಿನ್ನ ಹತ್ತಿರ ಕುದುರೆ ಓಡುವ ಮೈದಾನ ಇದೆಯಾ ಅಂತ ಕೇಳುತ್ತೆ.

ರಾಜ್ಯದಲ್ಲಿ ಅಂಥ ಮೈದಾನ ಅಂದರೆ ಎರಡು. ಬೆಂಗಳೂರಿನಲ್ಲಿ ವಿಧಾನಸೌಧದಿಂದ ನಡೆದು ಹೋಗುವಷ್ಟು ಹತ್ತಿರ ಟರ್ಫ್ ಕ್ಲಬ್ಬಿನದು, ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನದು.

ಲೈಸನ್ಸಿಗೆ ಸರ್ಕಾರ ಹಾಕಬಹುದಾದ ಷರತ್ತುಗಳನ್ನೂ ಅದೇ ಕಾಯ್ದೆ ಹೇಳುತ್ತೆ. ಫೀಸು, ಲೆಕ್ಕಪತ್ರ ಇದ್ದೇ ಇವೆ. ಜತೆಗೆ ಜಾಕಿಗಳಿಗೆ ತರಬೇತಿ ಕೊಡಿಸಬೇಕು, ಭಾರತದಲ್ಲಿ ಹುಟ್ಟಿ ಬೆಳೆದ ಕುದುರೆಗಳಿಗೆ ಪ್ರೋತ್ಸಾಹ ಕೊಡಬೇಕು ಅನ್ನೋ ಥರದ್ದೂ ಇವೆ. ಓದುವಾಗ ಅಪ್ಪ ನಕ್ಕರು. "ನಮ್ ಅಂಗಡೀಲಿ ಕುದುರೆ ಲಾಳ ಕೂಡ ಇಲ್ಲ ಸಾರ್." ಆದರೆ ಕಾಯ್ದೆಯ ಮನಸ್ಸು ಏನು ಅಂತ ಆ ಷರತ್ತುಗಳೇ ಹೇಳುತ್ತವೆ. ಅದರ ಕಣ್ಣಲ್ಲಿ ಮುಖ್ಯವಾದದ್ದು ರೇಸು. ಬೆಟ್ಟಿಂಗ್ ಅದರ ಬೆನ್ನಿಗೆ ಅಂಟಿಕೊಂಡು ಬಂದದ್ದು.

ಹಾಗಾದರೆ ರೇಸಿನ ದಿನ ಕ್ಲಬ್ಬಿನಲ್ಲಿ ಕಾಣುವ ಆ ಬುಕ್ಕಿಗಳು ಯಾರು? ಪಂತ ಕಟ್ಟೋಕೆ ಅಲ್ಲಿ ಎರಡು ದಾರಿ. ಒಂದು ಕ್ಲಬ್ಬೇ ನಡೆಸುವ ಟೋಟ್. ಬಿದ್ದ ದುಡ್ಡೆಲ್ಲ ಒಂದು ಗುಡ್ಡೆಯಾಗಿ, ಅದರಲ್ಲಿ ಕ್ಲಬ್ಬಿನ ಕಮಿಷನ್, ತೆರಿಗೆ ಕಳೆದು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಇಲ್ಲಿ ಕ್ಲಬ್ಬಿಗೆ ಯಾವ ಕುದುರೆ ಗೆದ್ದರೂ ಒಂದೇ. ಇನ್ನೊಂದು ಬುಕ್‌ಮೇಕರ್. ಇವನು ಸ್ಟಾಲ್ ಹಾಕಿ, ಬೋರ್ಡಿನ ಮೇಲೆ ಆಡ್ಸ್ (ಗೆದ್ದರೆ ಎಷ್ಟಕ್ಕೆ ಎಷ್ಟು ಅನ್ನೋ ಭಾವ) ಬರೆದು, ತನ್ನ ಜೇಬಿನ ಮೇಲೆ ಪಂತ ತಗೊಳ್ಳುತ್ತಾನೆ. ಪಕ್ಕದಲ್ಲಿ ಬರೆದುಕೊಳ್ಳೋಕೆ ಪೆನ್ಸಿಲರ್ ಅಂತ ಒಬ್ಬ ಗುಮಾಸ್ತ. ತಪ್ಪು ಕುದುರೆ ಗೆದ್ದರೆ ಅವತ್ತು ಬುಕ್ಕಿ ಮುಳುಗುತ್ತಾನೆ. ಹುಡುಗನ ಕನಸಿನಲ್ಲಿ ಇದ್ದದ್ದು ಈ ಎರಡನೇ ಕೆಲಸ.

ಈ ಬುಕ್ಕಿಗೆ ಲೈಸನ್ಸ್ ಕೊಡೋದು ಕ್ಲಬ್ಬು. ಸ್ಟಾಲಿನ ಶುಲ್ಕ ಕ್ಲಬ್ಬಿಗೆ ಕಟ್ಟಬೇಕು, ಅದರ ನಿಯಮಕ್ಕೆ ತಲೆಬಾಗಬೇಕು. ಸ್ಟಾಲ್ ಕೊಡಲೇಬೇಕು ಅಂತ ಕ್ಲಬ್ಬನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ಬಾಡಿಗೆ ಮನೆಯಲ್ಲಿ ಒಳಬಾಡಿಗೆಗೆ ಇದ್ದ ಹಾಗೆ ಅದು. ಮನೆ ಯಜಮಾನ ಸರ್ಕಾರ, ಬಾಡಿಗೆದಾರ ಕ್ಲಬ್ಬು, ಜಗಲಿಯ ಮೇಲೆ ಬುಕ್ಕಿ.

ಬಾಡಿಗೆದಾರನನ್ನೇ ಎಬ್ಬಿಸಿದರೆ ಜಗಲಿಯವನ ಗತಿ ಏನು? ಇದನ್ನು ಊಹೆ ಮಾಡಿ ಹೇಳಬೇಕಾಗಿಲ್ಲ. 2024ರಲ್ಲಿ ಬೆಂಗಳೂರಿನಲ್ಲೇ ಆಯಿತು.

ಆ ವರ್ಷ ಜನವರಿಯಲ್ಲಿ ಸಿಸಿಬಿ (ಕೇಂದ್ರ ಅಪರಾಧ ವಿಭಾಗ) ಪೊಲೀಸರು ಟರ್ಫ್ ಕ್ಲಬ್ಬಿನ ಆವರಣದಲ್ಲಿದ್ದ ಬುಕ್ಕಿ ಸ್ಟಾಲ್‌ಗಳ ಮೇಲೆ ದಾಳಿ ಮಾಡಿದರು. ಕೋಟಿಗಳ ಲೆಕ್ಕದಲ್ಲಿ ನಗದು ವಶಪಡಿಸಿಕೊಂಡರು. ಜಿಎಸ್‌ಟಿ ತಪ್ಪಿಸಿ ಪಂತ ತಗೊಳ್ಳುತ್ತಿದ್ದರು ಅನ್ನೋದು ಆರೋಪ. ಮಾರ್ಚ್ 31ಕ್ಕೆ ಕ್ಲಬ್ಬಿನ ಲೈಸನ್ಸ್ ಮುಗಿಯಿತು. ಹೊಸದಕ್ಕೆ ಹಾಕಿದ ಅರ್ಜಿಯನ್ನು ಸರ್ಕಾರ ಜೂನ್ ಮೊದಲ ವಾರದಲ್ಲಿ ತಳ್ಳಿಹಾಕಿತು. ಕ್ಲಬ್ಬು, ಅದರ ಜತೆ ಈ ರೇಸನ್ನೇ ನಂಬಿದ್ದವರು ಹೈಕೋರ್ಟಿಗೆ ಹೋದರು. ಜೂನ್ 18ಕ್ಕೆ ಏಕಸದಸ್ಯ ಪೀಠ ರೇಸು, ಬೆಟ್ಟಿಂಗ್ ಎರಡಕ್ಕೂ ಮಧ್ಯಂತರ ಅನುಮತಿ ಕೊಟ್ಟಿತು. ಸರ್ಕಾರ ಮೇಲ್ಮನವಿ ಹಾಕಿತು. ಜೂನ್ 22ಕ್ಕೆ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಹಾಕಿತು.

ನಾಲ್ಕೇ ದಿನ. ಬಾಗಿಲು ತೆಗೆದು ಮುಚ್ಚಿತು.

ಸರಿ ಯಾರದು, ತಪ್ಪು ಯಾರದು ಅಂತ ನಾನಿಲ್ಲಿ ತೀರ್ಪು ಕೊಡೋಕೆ ಹೋಗಲ್ಲ. ಅಪ್ಪನಿಗೆ ಹೇಳಿದ್ದು ಇಷ್ಟು: "ನೋಡಿ ಯಜಮಾನ್ರೇ, ಅಷ್ಟು ಹಳೇ ಸಂಸ್ಥೆ, ಊರಿನ ಮಧ್ಯದಲ್ಲಿ ಮೈದಾನ, ದೊಡ್ಡ ದೊಡ್ಡ ವಕೀಲರು. ಆದ್ರೂ ಒಂದು ಸೀಸನ್ ಇಡೀ ಗಾಳೀಲಿ ನೇತಾಡ್ತು. ನಿಮ್ಮ ಮಗ ಬರೆದಿರೋ ಪ್ಲಾನಲ್ಲಿ 'ಲೈಸನ್ಸ್ ನವೀಕರಣ: ಪ್ರತಿ ವರ್ಷ, ಖರ್ಚು 50,000' ಅಂತಿದೆ. ಅಷ್ಟು ಸುಲಭ ಅಲ್ಲ ಅದು."

ಇಲ್ಲಿ ಹುಡುಗ ಒಂದು ಒಳ್ಳೇ ವಾದ ಹೂಡಿದ. ಕುದುರೆ ರೇಸು ಬರೀ ಅದೃಷ್ಟದ ಆಟ ಅಲ್ಲ, ಕೌಶಲದ್ದು ಅಂತ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ? ಹೇಳಿದೆ. 1996ರ ಜನವರಿಯಲ್ಲಿ, ಮದ್ರಾಸ್ ರೇಸ್ ಕ್ಲಬ್ಬನ್ನು ತಮಿಳುನಾಡು ಸರ್ಕಾರ ವಹಿಸಿಕೊಳ್ಳಲು ಹೊರಟ ಪ್ರಕರಣದಲ್ಲಿ. ಕುದುರೆಯ ತಳಿ, ತರಬೇತಿ, ಜಾಕಿಯ ಕೈಚಳಕ ಎಲ್ಲ ನೋಡಿ ಲೆಕ್ಕ ಹಾಕುವುದು ಕೌಶಲ ಅಂತ ಒಪ್ಪಿತು. ಆದರೆ ಆ ತೀರ್ಪಿನ ಹಿಂದೆ ಲೈಸನ್ಸ್ ಇದ್ದ ಕ್ಲಬ್ಬು ಇತ್ತು, ಅದರ ಆವರಣ ಇತ್ತು. ಬೀದಿಯಲ್ಲಿ ಯಾರು ಬೇಕಾದರೂ ಬೆಟ್ಟಿಂಗ್ ಅಂಗಡಿ ಹಾಕಬಹುದು ಅಂತ ಅದು ಎಲ್ಲೂ ಹೇಳಲಿಲ್ಲ. ಏಜೆಂಟನ ಕೊಟೇಶನ್ನಿನ ನಾಲ್ಕನೇ ಹಾಳೆಯಲ್ಲಿ ಇದೇ ತೀರ್ಪಿನ ಎರಡು ಸಾಲು ಅಚ್ಚಾಗಿತ್ತು. ನಡುವಿನಿಂದ ಕಿತ್ತ ಸಾಲುಗಳು.

ಇಷ್ಟಾದರೂ ಅವನ ಮುಖದಲ್ಲಿ ಆಸೆ ಪೂರ್ತಿ ಆರಿರಲಿಲ್ಲ. ಕ್ಲಬ್ಬಿನಲ್ಲೇ ಒಂದು ಸ್ಟಾಲ್ ಸಿಕ್ಕಿದರೆ ಸಾಕು ಅನ್ನೋ ಮಟ್ಟಿಗೆ ಇಳಿದಿದ್ದ. ಆಗ ನಾನು ಒಂದು ಖಾಲಿ ಹಾಳೆ ತಗೊಂಡೆ. ಈ ಇಡೀ ಪ್ರಕರಣದಲ್ಲಿ ಕೆಲಸ ಮಾಡಿದ್ದು ಆ ಹಾಳೆ, ಕಾಯ್ದೆ ಪುಸ್ತಕಗಳಲ್ಲ.

"ಲೆಸ್ಟರ್‌ನಲ್ಲಿ ಒಂದು ದಿನಕ್ಕೆ ಒಂದು ಲಕ್ಷ ಪಂತ ಬಿತ್ತು ಅಂತ ಇಟ್ಕೋ. ಗೆದ್ದೋರಿಗೆ ಎಷ್ಟು ವಾಪಸ್ ಕೊಡ್ತೀರ?"

"ತೊಂಬತ್ತೆರಡು ಸಾವಿರ ಅಂತ ಹಿಡೀಬಹುದು ಸಾರ್."

"ಉಳಿದಿದ್ದು?"

"ಎಂಟು ಸಾವಿರ."

ಅಲ್ಲಿ ಅಂಗಡಿಯ ಬೆಟ್ಟಿಂಗ್ ಸುಂಕ ಶೇ. 15. ಅದು ಬೀಳೋದು ಈ ಉಳಿದ ಎಂಟು ಸಾವಿರದ ಮೇಲೆ. ಅಂದರೆ 1,200 ರೂಪಾಯಿ. ಬಾಡಿಗೆ, ಸಂಬಳ, ಕರೆಂಟಿಗೆ 6,800 ಉಳಿಯಿತು. ಬ್ರಿಟಿಷ್ ಕುದುರೆ ರೇಸಿನ ಪಂತ ಜಾಸ್ತಿ ಇದ್ದರೆ ಅದಕ್ಕೊಂದು ಲೆವಿ ಇದೆ, ಅದೂ ಲಾಭದ ಮೇಲೆಯೇ ಲೆಕ್ಕ, ಸಣ್ಣ ಅಂಗಡಿಗೆ ತಟ್ಟಲ್ಲ.

ಈಗ ಇದೇ ಒಂದು ಲಕ್ಷವನ್ನು ಬೆಂಗಳೂರಿಗೆ ತರೋಣ. ಇಲ್ಲಿ ಜಿಎಸ್‌ಟಿ ಬೀಳೋದು ಉಳಿದ ಎಂಟು ಸಾವಿರದ ಮೇಲಲ್ಲ, ಬಿದ್ದ ಪೂರ್ತಿ ಒಂದು ಲಕ್ಷದ ಮೇಲೆ. ದರ ಮೊದಲು ಶೇ. 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ. 40. ಅಂದರೆ 40,000 ರೂಪಾಯಿ.

ಹುಡುಗ ಹಾಳೆ ತಿರುಗಿಸಿ ತನ್ನ ಕಡೆ ಎಳೆದುಕೊಂಡ. ಎಂಟು ಸಾವಿರದಲ್ಲಿ ನಲವತ್ತು ಸಾವಿರ ಹೇಗೆ ಕಟ್ಟೋದು? ಕಟ್ಟೋಕಾಗಲ್ಲ. ಅದನ್ನು ಪಂಟರ್, ಅಂದರೆ ಪಂತ ಕಟ್ಟುವವನಿಂದಲೇ ವಸೂಲಿ ಮಾಡಬೇಕು. ಅವನು 1,000 ರೂಪಾಯಿ ಪಂತ ಕಟ್ಟಬೇಕಾದರೆ 1,400 ಎಣಿಸಬೇಕು. ಒಂದಕ್ಕೊಂದು ಭಾವದ ಕುದುರೆ ಅನ್ನಿ. ಗೆದ್ದರೆ ಅವನ ಕೈಗೆ ಬರೋದು 2,000. ಕೊಟ್ಟದ್ದು 1,400. ಲಾಭ 600. ಸೋತರೆ ಹೋಗೋದು 1,400. ಹತ್ತು ಸಲ ಹೀಗೆ ಕಟ್ಟಿದರೆ ಏಳು ಸಲ ಗೆಲ್ಲಬೇಕು, ಬರೀ ಅಸಲು ಬರೋಕೆ. ಇಷ್ಟರ ಮೇಲೆ ಗೆದ್ದ ಹಣ 10,000 ದಾಟಿದರೆ ಅದರಲ್ಲಿ ಶೇ. 30 ಆದಾಯ ತೆರಿಗೆ ಹಿಡಿದೇ ಕೊಡಬೇಕು. ಹಿಡಿಯುವ ಜವಾಬ್ದಾರಿ ಬುಕ್ಕಿಯದೇ.

ಕ್ಲಬ್ಬುಗಳು ಇದರ ವಿರುದ್ಧ ಹೋರಾಡಿಲ್ಲ ಅಂತಲ್ಲ. ಟೋಟ್ ವಿಷಯದಲ್ಲಿ ಪೂರ್ತಿ ಪಂತದ ಮೇಲೆ ತೆರಿಗೆ ಹಾಕೋ ನಿಯಮವನ್ನು 2021ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ರದ್ದು ಮಾಡಿತ್ತು. ಕ್ಲಬ್ಬು ಪಡೆಯೋದು ಕಮಿಷನ್, ತೆರಿಗೆ ಅದರ ಮೇಲಷ್ಟೆ ಅಂದಿತ್ತು. ಆಮೇಲೆ 2023ರಲ್ಲಿ ಕೇಂದ್ರ ಕಾನೂನನ್ನೇ ತಿದ್ದಿತು. ಅಕ್ಟೋಬರ್ 1ರಿಂದ ಮತ್ತೆ ಪೂರ್ತಿ ಪಂತದ ಮೇಲೆ.

ನನ್ನ ಅನಿಸಿಕೆ ಕೇಳಿದರೆ, ಲೈಸನ್ಸ್ ಇರುವ ಬುಕ್ಕಿಗೆ ಪೊಲೀಸರಿಗಿಂತ ದೊಡ್ಡ ಶತ್ರು ಈ ಲೆಕ್ಕ. ಯಾಕಂದ್ರೆ ಗೇಟಿನ ಆಚೆ ಲೈಸನ್ಸ್ ಇಲ್ಲದೆ ಮೊಬೈಲ್ ಹಿಡಿದು ನಿಂತ ಬುಕ್ಕಿ 1,000ಕ್ಕೆ 1,000ವನ್ನೇ ತಗೊಳ್ಳುತ್ತಾನೆ. ಪಂಟರ್ ಯಾರ ಹತ್ತಿರ ಹೋಗ್ತಾನೆ ಹೇಳಿ. ಒಳಗಿದ್ದವರೂ ಒಂದು ಚೀಟಿ ಬರೆದು ಇನ್ನೊಂದನ್ನು ಬರೆಯದೇ ಬಿಡುವ ಆಸೆಗೆ ಬೀಳೋದು ಇಲ್ಲೇ. ಬಿದ್ದ ದಿನ ಅವರ ಲೈಸನ್ಸ್ ಮಾತ್ರ ಅಲ್ಲ, ಕ್ಲಬ್ಬಿನದೂ ಅಲ್ಲಾಡುತ್ತೆ.

ಅಪ್ಪ ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ವ್ಯಾಪಾರಸ್ಥರು. ಸೆಕ್ಷನ್‌ಗಳಿಗೆ ತಲೆ ಆಡಿಸುತ್ತಿದ್ದವರು ಲೆಕ್ಕಕ್ಕೆ ಮಾತ್ರ ಸುಮ್ಮನಾದರು.

ಉಳಿದದ್ದು ಆರನೇ ಬಾಬತ್ತು, ವಿದೇಶಿ ಲೈಸನ್ಸು. ಕೆರಿಬಿಯನ್ ಸಮುದ್ರದ ಕ್ಯುರಸಾವೊ ದ್ವೀಪದಿಂದ ಲೈಸನ್ಸ್ ತಂದು, ಕ್ರಿಕೆಟ್ ಮೇಲೆ ಬೆಟ್ಟಿಂಗ್ ಆ್ಯಪ್ ನಡೆಸೋದು. "ಸರ್ವರ್ ಹೊರಗಿದ್ರೆ ನಮ್ಮ ಕಾನೂನು ಮುಟ್ಟಲ್ಲ" ಅಂತ ಏಜೆಂಟ್ ಹೇಳಿದ್ದನಂತೆ. ಇದನ್ನು ನಾನು ಬೇಗ ಮುಗಿಸಿದೆ, ಯಾಕಂದ್ರೆ ಇಲ್ಲಿ ವಾದಕ್ಕೆ ಜಾಗವೇ ಕಮ್ಮಿ. ಆನ್‌ಲೈನ್ ಗೇಮಿಂಗ್ ಕುರಿತು ಸಂಸತ್ತು ಮಾಡಿದ ಹೊಸ ಕಾಯ್ದೆಗೆ 2025ರ ಆಗಸ್ಟ್ 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟವನ್ನು ಅದು ನಿಷೇಧಿಸುತ್ತೆ. ಕೌಶಲವೋ ಅದೃಷ್ಟವೋ ಅನ್ನೋ ಪ್ರಶ್ನೆಯನ್ನೇ ಕೇಳಲ್ಲ. ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ 2 ವರ್ಷ, 50 ಲಕ್ಷ. ದುಡ್ಡು ದಾಟಿಸುವ ಬ್ಯಾಂಕು, ಪೇಮೆಂಟ್ ಕಂಪನಿಗಳನ್ನೂ ಬಿಟ್ಟಿಲ್ಲ. ಆಟ ನಡೆಸೋದು, ದುಡ್ಡು ದಾಟಿಸೋದು, ಎರಡೂ ಜಾಮೀನು ಹಕ್ಕಾಗಿ ಸಿಗದ ಅಪರಾಧ. ಈ ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿ ನಮ್ಮ ಹೈಕೋರ್ಟಿಗೂ ಬಂದಿತ್ತು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲವನ್ನೂ ತನ್ನ ಹತ್ತಿರ ತರಿಸಿಕೊಂಡಿತು.

"ಆದ್ರೆ ಸಾರ್, 2022ರಲ್ಲಿ ನಮ್ ಹೈಕೋರ್ಟು ಆನ್‌ಲೈನ್ ಗೇಮಿಂಗ್ ಬ್ಯಾನ್ ತೆಗೆದು ಹಾಕಿತ್ತಲ್ಲ?" ಅಂದ ಹುಡುಗ. ಹೌದು, ಫೆಬ್ರುವರಿ 14ಕ್ಕೆ. ಆದರೆ ಅದು 2021ರಲ್ಲಿ ರಾಜ್ಯ ಮಾಡಿದ ತಿದ್ದುಪಡಿ. ಕೌಶಲದ ಆಟಗಳನ್ನೂ ಜೂಜಿನ ಬುಟ್ಟಿಗೆ ಹಾಕಿದ್ದು ಸರಿಯಲ್ಲ ಅಂದಿತು ಕೋರ್ಟು. ಈಗಿನದು ಕೇಂದ್ರದ್ದು, ಬೇರೆಯೇ ಕಾಯ್ದೆ. ಹಳೇ ತೀರ್ಪು ಹಿಡಿದು ಹೊಸ ಆ್ಯಪ್ ಶುರು ಮಾಡೋದು, ಹೋದ ವಾರದ ರೇಸಿನ ಫಲಿತಾಂಶ ನೋಡಿ ಈ ವಾರ ಪಂತ ಕಟ್ಟಿದ ಹಾಗೆ.

ಇನ್ನೊಂದು ವಿಷಯ ಅವನ ಬಾಯಿಂದಲೇ ಬಂತು. ಲೆಸ್ಟರ್‌ನ ಮಾಲೀಕರು ತಮ್ಮ ಅಂಗಡಿಯ ಹೆಸರು ಬಳಸೋಕೆ ಒಪ್ಪಿದ್ದಾರೆ, ಸ್ವಲ್ಪ ದುಡ್ಡೂ ಹಾಕ್ತಾರೆ ಅಂದ. ನಮ್ಮ ವಿದೇಶಿ ಹೂಡಿಕೆ ನೀತಿಯಲ್ಲಿ ಲಾಟರಿ, ಜೂಜು, ಬೆಟ್ಟಿಂಗ್ ಪೂರ್ತಿ ನಿಷಿದ್ಧ ಪಟ್ಟಿಯಲ್ಲಿವೆ. ಬಂಡವಾಳ ಮಾತ್ರ ಅಲ್ಲ, ಫ್ರಾಂಚೈಸಿ, ಬ್ರ್ಯಾಂಡ್ ಹೆಸರು, ಮ್ಯಾನೇಜ್‌ಮೆಂಟ್ ಒಪ್ಪಂದ ಯಾವುದಕ್ಕೂ ಅವಕಾಶ ಇಲ್ಲ. ಬೋರ್ಡಿನ ಮೇಲೆ ಆ ಹೆಸರು ಬರೆಸಿದರೂ ತಪ್ಪೇ. ಇದನ್ನು ಕೇಳಿ ಅವನಿಗೆ ನಿಜವಾಗಿ ಬೇಜಾರಾಯಿತು. ಅಲ್ಲಿನ ಮಾಲೀಕರ ಮೇಲೆ ಅವನಿಗೆ ಪ್ರೀತಿ ಇತ್ತು ಅಂತ ಕಾಣುತ್ತೆ.

ಉದ್ರಿ ವಿಷಯ ಮಾತ್ರ ನಾನೇ ಎತ್ತಿದೆ, ಅಪ್ಪನಿಗೋಸ್ಕರ. ಹಾರ್ಡ್‌ವೇರ್ ಅಂಗಡಿಯವರಿಗೆ ಉದ್ರಿ ಪುಸ್ತಕ ಅಂದ್ರೆ ಜೀವ. 1872ರ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಪಂತದ ಒಪ್ಪಂದ ಊರ್ಜಿತವಲ್ಲ. ಗೆದ್ದ ದುಡ್ಡಿಗೆ ದಾವಾ ಹಾಕೋಕೆ ಬರಲ್ಲ. ಅದೇ ಸೆಕ್ಷನ್ನಿನಲ್ಲಿ ಕುದುರೆ ರೇಸಿಗೆ ಒಂದು ರಿಯಾಯ್ತಿ ಇದೆ, ಆದರೆ ಅದು ಗೆದ್ದ ಕುದುರೆಗೆ ಕೊಡುವ 500 ರೂಪಾಯಿ ಅಥವಾ ಅದಕ್ಕೂ ಮೇಲಿನ ಬಹುಮಾನಕ್ಕೆ ಚಂದಾ ಎತ್ತುವುದಕ್ಕೆ. ಪಂಟರ್ ಉಳಿಸಿಕೊಂಡ ಬಾಕಿಗಲ್ಲ. ಬ್ರಿಟನ್‌ನಲ್ಲಿ 2007ರಿಂದ ಜೂಜಿನ ಒಪ್ಪಂದಕ್ಕೂ ಕೋರ್ಟಿಗೆ ಹೋಗಬಹುದು.

"ಅಂದ್ರೆ ಯಾರಾದ್ರೂ ಕೊಡ್ದೆ ಹೋದ್ರೆ ಕೈ ಬಿಟ್ಟಂಗೇನಾ ಸಾರ್?"

"ಹೌದು ಯಜಮಾನ್ರೇ."

"ಸಿಮೆಂಟೇ ವಾಸಿ."

ಬೆಟ್ಟಿಂಗ್ ಅಂಗಡಿಯ ಮಾತು ಅಲ್ಲಿಗೆ ಮುಗಿಯಿತು. ಮುಗಿಯದೇ ಉಳಿದದ್ದು 2 ಲಕ್ಷದ ಅಡ್ವಾನ್ಸ್. ಇದನ್ನು ವಾಪಸ್ ಕೇಳೋಕೆ ಬರುತ್ತಾ ಅನ್ನೋದು ಸ್ವಲ್ಪ ಯೋಚನೆ ಮಾಡಬೇಕಾದ ಪ್ರಶ್ನೆ. ಏಜೆಂಟನ ವಕೀಲ "ಇದು ಬೆಟ್ಟಿಂಗ್ ಸಂಬಂಧದ ಒಪ್ಪಂದ, ಕೋರ್ಟಿಗೆ ಬರೋ ಹಾಗಿಲ್ಲ" ಅನ್ನಬಹುದು. ಆದರೆ ಇವರು ಪಂತ ಕಟ್ಟಿರಲಿಲ್ಲ. ಸರ್ಕಾರದ ಲೈಸನ್ಸ್ ಕೊಡಿಸುತ್ತೇನೆ ಅಂದವನಿಗೆ ಬ್ಯಾಂಕಿನ ಮೂಲಕ ಫೀಸು ಕೊಟ್ಟಿದ್ದರು. ಒಪ್ಪಂದ ಅನೂರ್ಜಿತ ಅಂತ ಆಮೇಲೆ ಗೊತ್ತಾದರೆ, ಅದರಿಂದ ಪಡೆದದ್ದನ್ನು ವಾಪಸ್ ಕೊಡಬೇಕು ಅಂತ ಅದೇ ಕರಾರು ಕಾಯ್ದೆಯ 65ನೇ ಸೆಕ್ಷನ್ ಹೇಳುತ್ತೆ. ಸಿಗಲಾರದ ಲೈಸನ್ಸನ್ನು ಸಿಗುತ್ತೆ ಅಂತ ಗೊತ್ತಿದ್ದೂ ಮಾರಿದರೆ ಅದು ವಂಚನೆ, ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್. ಎರಡನ್ನೂ ಹಾಕಿ ನೋಟಿಸ್ ಕಳಿಸಿದೆ. ಕೊಟೇಶನ್ನಿನ ನಾಲ್ಕೂ ಹಾಳೆ ಲಗತ್ತಿಸಿದೆ. ಕುದುರೆ ಸಮೇತ.

ಏಜೆಂಟನಿಂದ ಕಾಗದದಲ್ಲಿ ಉತ್ತರ ಬರಲಿಲ್ಲ. ಫೋನ್ ಬಂತು. "ಟರ್ಫ್ ಫೈಲ್ ಮೂವ್ ಆಗ್ತಿದೆ ಸಾರ್, ಒಂದು ತಿಂಗಳು ಟೈಮ್ ಕೊಡಿ" ಅಂದ. ಯಾವ ಇಲಾಖೆಯಲ್ಲಿ, ಫೈಲ್ ನಂಬರ್ ಏನು ಅಂತ ಕೇಳಿದೆ. ಲೈನ್ ಸರಿಯಿಲ್ಲ ಅಂದ. ಹತ್ತು ದಿನಕ್ಕೆ ಅಪ್ಪನ ಖಾತೆಗೆ 1 ಲಕ್ಷ ಜಮೆ ಆಯಿತು. ಉಳಿದ 1 ಲಕ್ಷಕ್ಕೆ ಮುಂದಿನ ತಿಂಗಳ ತಾರೀಕು ಹಾಕಿದ ಚೆಕ್ ಕೊರಿಯರ್‌ನಲ್ಲಿ ಬಂತು.

ಅಂಗಡಿಗೆ ಅಂತ ಬಾಡಿಗೆಗೆ ಹಿಡಿದಿದ್ದ ಶಟರ್ ಮನೆಯನ್ನು ಅಪ್ಪ ಬಿಡಲಿಲ್ಲ. ಟಿವಿ ಪರದೆಗಳಿಗೆ ಅಂತ ಹುಡುಗ ಗುರುತು ಹಾಕಿದ್ದ ಗೋಡೆಗೆ ಈಗ ಪಿವಿಸಿ ಪೈಪು ಒರಗಿಸಿದ್ದಾರೆ. ಲೆಕ್ಕ ಅವನೇ ನೋಡಿಕೊಳ್ಳುತ್ತಿದ್ದಾನೆ.

ಏಜೆಂಟನ ಆ ಚೆಕ್ ಖಾತೆಯಲ್ಲಿ ಹಣ ಸಾಲದು ಅಂತ ವಾಪಸ್ ಬಂತು. ಬ್ಯಾಂಕಿನ ಮೆಮೊ ಕೈಗೆ ಸಿಕ್ಕ 30 ದಿನದೊಳಗೆ ನೋಟಿಸ್ ಕೊಡಬೇಕು. ಅದು ಅವನಿಗೆ ತಲುಪಿದ ಮೇಲೆ ಹಣ ಕಟ್ಟಲು 15 ದಿನ. ಕಟ್ಟದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ದೂರು. ನೋಟಿಸನ್ನು ಸ್ಪೀಡ್ ಪೋಸ್ಟಿಗೆ ಹಾಕಿ ರಸೀದಿಯನ್ನು ಫೈಲಿಗೆ ಸೇರಿಸಿದ್ದೇನೆ, ಆ ಬಣ್ಣದ ಕುದುರೆಯ ಹಿಂದೆ.